ಚುಕ್ಕಿಯಿಲ್ಲದ ಎಲೆ

ಟಿಕೋಟಾದ ಬಸ್ಸು ಬರುವ ಹೊತ್ತಿಗೆ ಲಾಡಲೇಸಾಬನಿಗೆ ದೊಡ್ಡ ಸಾಹೇಬರ ಮೇಲಿದ್ದ ಸಿಟ್ಟು ಇಳಿದು ಕುಸುಬೆಯ ಮೇಲೆ ಬಂದು ಕೂತಿತ್ತು. ಸಾಹೇಬರು ಹೇಳಿದ್ದರಲ್ಲಿ ತಪ್ಪೇನಿತ್ತು? ಬೀಜ ಒಂದೇ, ಔಷಧ ಒಂದೇ, ನೀರಿಗೆ ಎಷ್ಟು ಪುಡಿ ಎನ್ನುವ ಅಳತೆಯೂ ಒಂದೇ. ಆಫೀಸಿನ ಹೊಲದಲ್ಲಿ ಎಲೆ ತೊಳೆದಿಟ್ಟಷ್ಟು ಹಸನಾಗಿದೆ. ಟಿಕೋಟಾದ ರೈತನ ಹೊಲದಲ್ಲೂ ಬಬಲೇಶ್ವರದ ರೈತ ಹೆಂಗಸಿನ ಹೊಲದಲ್ಲೂ ಔಷಧ ಹೊಡೆದ ಅರ್ಧಕ್ಕೂ ಹೊಡೆಯದ ಅರ್ಧಕ್ಕೂ ಕೂದಲೆಳೆಯಷ್ಟು ಫರಕಿಲ್ಲ. ಎಲ್ಲ ಕಡೆ ಅದೇ ಕಂದು ಚುಕ್ಕಿ, ಉಂಗುರದೊಳಗೆ ಉಂಗುರ, ಒಣಗಿದರೆ ನಡುವೆ ತೂತು ಬೀಳುವ ಚುಕ್ಕಿ. ನಿನ್ನೆ ಸಂಜೆ ಎಲ್ಲರೆದುರು, ಚಹಾ ತಂದ ಜವಾನ ಇನ್ನೂ ಅಲ್ಲೇ ನಿಂತಿರುವಾಗ, ಸಾಹೇಬರು ಮೈಸೂರು ಕಡೆಯ ತಮ್ಮ ನಯವಾದ ಮಾತಿನಲ್ಲಿ ಕೇಳಿದ್ದರು: “ನೀವು ಈ ಕಡೆಯವರೇ ತಾನೇ ಲಾಡಲೇಸಾಬ್? ನಿಮ್ಮ ಜನ ಹೊಲದಲ್ಲಿ ಏನು ಮಾಡ್ತಾರೆ ಅಂತ ನಿಮಗೇ ಗೊತ್ತಿಲ್ಲ ಅಂದ್ರೆ ನಿಮ್ಮನ್ನ ಯಾಕೆ ಇಟ್ಕೊಂಡಿದೀವಿ?” ಜವಾನ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು. ಲಾಡಲೇಸಾಬ ವಿಜಾಪುರದ ಕೃಷಿ ಆಫೀಸಿನಲ್ಲಿ, ಚುಕ್ಕಿರೋಗದ ಔಷಧ ಹೊಡೆಸಿ ನೋಡುವ ಕೆಲಸಕ್ಕಿದ್ದ ಹಂಗಾಮಿ ಸಹಾಯಕ. ತಿಂಗಳ ಕೊನೆಗೆ ಅವನನ್ನು ಖಾಯಂ ಮಾಡಬೇಕೋ ಮನೆಗೆ ಕಳಿಸಬೇಕೋ ಎನ್ನುವುದು ಅದೇ ಸಾಹೇಬರ ಒಂದು ಮಾತಿನ ಮೇಲೆ ನಿಂತಿತ್ತು. ಔಷಧ ಯಾಕೆ ಸೋತಿತು, ನಾಳೆ ಸಂಜೆಯೊಳಗೆ ಕಾರಣ ಬೇಕು, ನೆಪ ಬೇಡ ಎಂದಿದ್ದರು. ಬಂದು ನಿಂತ ಬಸ್ಸಿನ ಬೆನ್ನಿಗೆ ‘ಮಾತು ಕಡಿಮೆ, ದುಡಿಮೆ ಹೆಚ್ಚು’ ಎಂದು ಬರೆದಿತ್ತು. ತುರ್ತು ಪರಿಸ್ಥಿತಿ ಬಂದಾಗಿನಿಂದ ಗೋಡೆ ಸಿಕ್ಕಲ್ಲೆಲ್ಲ ಬರೆಯುತ್ತಿದ್ದ ಮಾತೇ ಅದು. ಆದರೂ ಈ ಹೊತ್ತು ಅದು ತನ್ನೊಬ್ಬನಿಗೇ ಹೇಳಿದ್ದೆಂದು ಅವನಿಗನ್ನಿಸಿತು.

ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅಥಣಿ ರಸ್ತೆಯ ಎರಡೂ ಮಗ್ಗುಲಿಗೆ ಮೊಣಕಾಲೆತ್ತರದ ಬಿಳಿಜೋಳ, ನಡುನಡುವೆ ಕುಸುಬೆಯ ಸಾಲು. ಬೇರೆ ದಿನವಾದರೆ ಅದನ್ನು ನೋಡುತ್ತ ನಿದ್ದೆ ಹೋಗುತ್ತಿದ್ದ. ಈಗ ಪ್ರತಿ ಸಾಲೂ ಅವನನ್ನು ಅಣಕಿಸುತ್ತಿತ್ತು. ಪುಡಿ ಹಳೆಯದಿರಬಹುದೇ? ಒಂದೇ ಡಬ್ಬಿಯಿಂದ ಮೂರು ಕಡೆಗೂ ತಾನೇ ತೂಗಿ ಕಟ್ಟಿದ್ದ. ಬಾವಿಯ ನೀರು ಸವಳೇ? ಎರಡೂ ಬಾವಿಯ ನೀರನ್ನು ಬಾಟಲಿಯಲ್ಲಿ ತಂದು ನೋಡಿದ್ದ, ಕುಡಿಯುವಷ್ಟು ಚೊಕ್ಕವಿತ್ತು. ಪಂಪಿನ ಮೂತಿ ಸವೆದಿದೆಯೇ ಎಂದು ಅದನ್ನು ಬಿಚ್ಚಿ ಬಾಯಿಂದ ಊದಿ ನೋಡಿದ್ದ. ನಾಲಿಗೆಯ ಮೇಲೆ ಒಗರು ಹತ್ತಿ ಎಷ್ಟು ಮುಕ್ಕಳಿಸಿದರೂ ಹೋಗಿರಲಿಲ್ಲ. ದೀಪಾವಳಿಗೆ ಮುಂಚೆ ಆ ಬೇಡದ ಮಳೆ ಹೊಡೆದದ್ದು ಬಿಟ್ಟರೆ ಮತ್ತೆ ಹನಿ ಬಿದ್ದಿಲ್ಲ, ಹಾಗಾಗಿ ಔಷಧ ತೊಳೆದು ಹೋಯಿತೆನ್ನುವಂತೆಯೂ ಇಲ್ಲ. ಒಂದೊಂದೇ ಕಾರಣ ಹೇಳಿದಾಗಲೂ ಸಾಹೇಬರು ಮೇಜಿನ ಮೇಲಿನ ಧೂಳು ಒರೆಸುವ ಹಾಗೆ ಅದನ್ನು ಒರೆಸಿ ಹಾಕಿದ್ದರು. ಕೊನೆಗೆ ಉಳಿದದ್ದು ಅವನೇ. ಪಂಪು ಹೊತ್ತು ಹೇಗೆ ಹೊಡೆಯಬೇಕೆಂದು ತೋರಿಸಿದವನು ಅವನು, ಅಳತೆ ಹೇಳಿಕೊಟ್ಟವನು ಅವನು. ತಾನು ಹೇಳಿಕೊಟ್ಟದ್ದರಲ್ಲೇ ಏನೋ ತಪ್ಪಿರಬೇಕು, ಅದು ಎಲ್ಲರಿಗೂ ಕಾಣುತ್ತಿದೆ, ತನಗೊಬ್ಬನಿಗೆ ಕಾಣುತ್ತಿಲ್ಲ ಎಂಬ ಅನುಮಾನ ಕೆಲವು ದಿನಗಳಿಂದ ಅವನನ್ನು ಹಿಂಡುತ್ತಿತ್ತು. ಮನೆಯಲ್ಲಿ ಹೆಂಡತಿ ಏನು ಕೇಳಿದರೂ ಹೂಂ ಎನ್ನುತ್ತಿದ್ದ. ಮೊನ್ನೆ ನಲ್ಲಿಯಲ್ಲಿ ನೀರು ಬಂದಿಲ್ಲ ಎಂದದ್ದಕ್ಕೂ ಹೂಂ ಎಂದು ಬೈಸಿಕೊಂಡಿದ್ದ.

ಅಮರಪ್ಪನ ಹೊಲ ಟಿಕೋಟಾದ ಈಚೆಗೇ, ರಸ್ತೆಗೆ ಹತ್ತಿಕೊಂಡೇ ಇತ್ತು. ವಯಸ್ಸಾದ ಮನುಷ್ಯ, ರುಮಾಲು ಸರಿಮಾಡಿಕೊಳ್ಳುತ್ತ “ಬರ್ರಿ ಬರ್ರಿ ಸಾಹೇಬ್ರ” ಎಂದು ದೂರದಿಂದಲೇ ಕರೆದ. ಸಾಹೇಬ ಎನ್ನಿಸಿಕೊಂಡಾಗ ಒಂದು ಗಳಿಗೆ ಹಿತವಾಗುವುದು, ಆಮೇಲೆ ಆ ಹಿತಕ್ಕೇ ನಾಚಿಕೆಯಾಗುವುದು ಲಾಡಲೇಸಾಬನಿಗೆ ರೂಢಿಯಾಗಿ ಹೋಗಿತ್ತು. ಅವನು ಮಾತಾಡದೆ ಕುಸುಬೆಯ ನಡುವೆ ಕುಕ್ಕರಗಾಲಲ್ಲಿ ಕೂತ. ಗಿಡ ಇನ್ನೂ ಗೇಣುದ್ದ, ಮುಳ್ಳು ಬಲಿತಿರಲಿಲ್ಲ. ಆ ಹಳದಿ ಪುಡಿ ಒಣಗಿದ ಮೇಲೆ ಎಲೆಗೆ ತೆಳ್ಳಗೆ ಬೂದಿ ಸವರಿದಂಥ ಪೊರೆ ಉಳಿಯಬೇಕು. ಹೆಬ್ಬೆರಳಿನಿಂದ ಒಂದು ಎಲೆ ತಿಕ್ಕಿದ, ಇನ್ನೊಂದು ತಿಕ್ಕಿದ. ಬೆರಳಿಗೆ ಹಸಿರು ರಸ ಬಿಟ್ಟರೆ ಏನೂ ಹತ್ತಲಿಲ್ಲ.

“ಅಮರಪ್ಪಾರ, ಔಷಧ ಹೊಡದೀರಿ?”

“ಹೊಡದೇವ್ರಿ.”

“ಖರೇ ಹೊಡದೀರಿ?”

“ನಿಮ್ಮಾಣಿ ಹೊಡದೇವ್ರಿ. ಪಂಪು ಹೊತ್ತು ಹೊತ್ತು ಬೆನ್ನ ಬಿದ್ದು ಹೋಗೇತ್ರಿ ನಂದು.”

“ಮತ್ತ ಎಲಿ ಮ್ಯಾಲ ಏನೂ ಇಲ್ಲಲ್ಲ?”

“ಗಾಳಿಗಿ ಹಾರಿರಬೇಕ್ರಿ.”

“ಗಾಳಿಗಿ ಹಾರಾಕ ಅದೇನ್ ಹೊಟ್ಟೇನ್ರಿ? ಪುಡಿ ತಂದಿದ್ದ ಪಾಕೀಟರ ತೋರಸ್ರಿ.”

“ಒಲಿಗಿ ಹಾಕೀವ್ರಿ. ನೀವು ಕಲತಾವ್ರು, ನಾವೇನ್ ಹೇಳೂಣು?”

ಎಷ್ಟೋ ಗಿಡಗಳ ನಡುವಿನ ಎಳೆಯ ಎಲೆಗಳೇ ಇರಲಿಲ್ಲ. ಯಾರೋ ಕತ್ತರಿಸಿದಂತೆ ಬುಡಕ್ಕೆ ಮುರಿದಿದ್ದವು. ಇದೇನು ಎಂದು ಕೇಳಿದಾಗ ಅಮರಪ್ಪ ಹೊಲದ ಆಚೆಯ ಬದುವನ್ನೇ ನೋಡುತ್ತ, ಮೊಲ ರಗಡ ಆಗ್ಯಾವ್ರಿ ಈ ಸಲ ಎಂದ. ಲಾಡಲೇಸಾಬ ಅದನ್ನು ನಂಬಿದ. ನಂಬಿ, ಚುಕ್ಕಿ ಬಿದ್ದ ಎಲೆ ಎಷ್ಟು, ಬೀಳದ್ದು ಎಷ್ಟು ಎಂದು ಎಂದಿನಂತೆ ಎಣಿಸಿದ, ಎಣಿಸಿದಷ್ಟೂ ಚುಕ್ಕಿಯೇ. ಅಷ್ಟರಲ್ಲಿ ಅಮರಪ್ಪ ಮನೆಯಿಂದ ಒಂದು ಚರಿಗೆ ಮಜ್ಜಿಗೆ ತರಿಸಿ, ಕುಡಿಯುವವರೆಗೂ ಎದುರಿಗೆ ಕೈಕಟ್ಟಿ ನಿಂತ.

ಅಲ್ಲಿಂದ ಬಬಲೇಶ್ವರದ ಕಡೆಗೆ ಕಲ್ಲು ಹೇರಿಕೊಂಡು ಹೊರಟಿದ್ದ ಲಾರಿಯೊಂದು ಸಿಕ್ಕಿತು. ಡ್ರೈವರನ ಪಕ್ಕ ಕೂತು, ಹೊಟ್ಟೆಯಲ್ಲಿ ಮಜ್ಜಿಗೆ ಕುಲುಕುತ್ತಿರುವಾಗ, ಅವನಿಗೆ ಅಳು ಬರುವಷ್ಟು ಬೇಸರವಾಯಿತು. ಯಾರಾದರೂ ಎದುರು ಬಿದ್ದು, ನಿನ್ನ ಔಷಧ ನೀನೇ ಇಟ್ಟುಕೋ, ನಮ್ಮ ಹೊಲಕ್ಕೆ ಕಾಲಿಡಬೇಡ ಎಂದು ಬೈದಿದ್ದರೆ ಜಗಳವಾದರೂ ಆಗುತ್ತಿತ್ತು. ಇವರೋ, ಮಜ್ಜಿಗೆ ಕೊಡುತ್ತಾರೆ, ಆಣೆ ಹಾಕುತ್ತಾರೆ, ಕೈಮುಗಿಯುತ್ತಾರೆ. ಆ ಮರ್ಯಾದೆ ಅರಳೆಯ ಗೋಡೆಯಂತೆ. ಎಷ್ಟು ಗುದ್ದಿದರೂ ಕೈಗೆ ನೋವಿಲ್ಲ, ಗೋಡೆಯೂ ಬೀಳುವುದಿಲ್ಲ. ಮರ್ಯಾದೆಯೆಂದರೆ ಸಾಹೇಬರದ್ದೂ ಒಂದು ಬಗೆಯ ಮರ್ಯಾದೆಯೇ. ‘ನೀವು’ ಎಂದೇ ಕರೆಯುತ್ತಾರೆ. ನಿಮ್ಮ ಜನ ಎನ್ನುವಾಗ ಯಾವ ಜನ ಎಂದು ಕೇಳಬೇಕೆಂದು ನಿನ್ನೆ ಅವನ ಬಾಯಿತನಕ ಬಂದಿತ್ತು. ತನ್ನೂರು ಅರಕೇರಿಯವರೋ, ಒಕ್ಕಲಿಗರೋ, ಸಾಬರೋ? ಕೇಳದೆ ಚಹಾದ ಕಪ್ಪು ಎತ್ತಿದ್ದ. ಕಪ್ಪು ಖಾಲಿಯಾದದ್ದು ತುಟಿಗೆ ಹಚ್ಚಿದ ಮೇಲೆ ಗೊತ್ತಾಗಿ, ಕುಡಿದಂತೆ ನಟಿಸಿದ್ದ. ಅದನ್ನು ಜವಾನ ನೋಡಿದ್ದ. ಈಗ ಲಾರಿಯಲ್ಲಿ ಅದು ನೆನಪಾಗಿ ಕಿವಿ ಬಿಸಿಯಾದವು.

ಬಬಲೇಶ್ವರದ ಹೊಲ ಮುರಿಗೆವ್ವನದು. ಗಂಡ ಸತ್ತ ಮೇಲೆ ಕಮತವನ್ನೆಲ್ಲ ತಾನೇ ನಿಂತು ಮಾಡಿಸುವ ಹೆಂಗಸು. ಬರುತ್ತೇನೆಂದು ಈ ಸಲ ಅವನು ಹೇಳಿ ಕಳಿಸಿರಲಿಲ್ಲ. ಏರಿ ಇಳಿದು ಹೊಲ ಕಂಡದ್ದೇ ತಡ, ಲಾಡಲೇಸಾಬನ ಕಾಲು ನಿಂತುಬಿಟ್ಟಿತು. ಔಷಧ ಹೊಡೆದ ಕುಸುಬೆಯ ನಟ್ಟನಡುವೆ ಏಳೆಂಟು ಹೆಂಗಸರು ಬಗ್ಗಿಕೊಂಡು, ನಗುತ್ತ, ಉಗುರಿನಿಂದ ಎಲೆ ಚಿವುಟಿ ಸೀರೆಯ ಉಡಿಗೆ ತುಂಬಿಕೊಳ್ಳುತ್ತಿದ್ದರು. ಬದುವಿನ ಮೇಲೆ ಮುರಿಗೆವ್ವ ಕೂತು ಅವರ ಜೊತೆ ಏನೋ ಹರಟುತ್ತಿದ್ದಳು. ಅವನಿಗೆ ತಿಳಿಯುವುದಕ್ಕೆ ಏನೂ ಉಳಿಯಲಿಲ್ಲ. ಮೊಲವೂ ಇಲ್ಲ, ಮಣ್ಣೂ ಇಲ್ಲ. ಕುಸುಬಿ ತಪ್ಪಲ! ಚಿಕ್ಕವನಿದ್ದಾಗ ಅರಕೇರಿಯಲ್ಲಿ ಹೀಗೆಯೇ ಯಾರದೋ ಹೊಲದಲ್ಲಿ ತಾನೂ ನಿಂತಿದ್ದ. ಹೊಲದ ಧಣಿ ದೂರದಿಂದ ಕೂಗಿ, ಹರಕೋರಿ ಹರಕೋರಿ, ಚಿವುಟಿದಷ್ಟೂ ಚಿಗೀತೈತಿ ಎಂದಿದ್ದ. ಜೋಳದ ರೊಟ್ಟಿಯ ಮೇಲೆ ಹಸಿ ತಪ್ಪಲ ಇಟ್ಟು ಗುರೆಳ್ಳ ಹಿಂಡಿಯ ಖಾರಪುಡಿ ಹಚ್ಚಿಕೊಂಡು ತಿಂದ ಬಾಯಿ ತನ್ನದೂ ಹೌದು. ಎಳೆ ಕುಸುಬೆ ಯಾರ ಹೊಲದ್ದಾದರೂ ಕೇಳದೆ ಹರಿಯಬಹುದು, ಹರಿಯುವವರನ್ನು ಬೇಡವೆನ್ನುವವರಿಲ್ಲ, ಇದು ಈ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಅವನಿಗೂ ಗೊತ್ತಿತ್ತು. ಆಫೀಸಿನ ಬಾಗಿಲು ದಾಟುವಾಗ ಚಪ್ಪಲಿಯ ಜೊತೆ ಅದನ್ನೂ ಹೊರಗೇ ಬಿಟ್ಟು ಒಳಗೆ ಹೋಗುತ್ತಿದ್ದ, ಅಷ್ಟೇ. ಚುಕ್ಕಿ ಮೊದಲು ಬೀಳುವುದೂ ಎಲೆ ಎಳೆಯದಿದ್ದಾಗ, ಔಷಧ ಹೊಡೆಯಬೇಕಾದದ್ದೂ ಆಗಲೇ, ಜನ ತಿನ್ನುವುದೂ ಆಗಲೇ.

“ಏ ಬಿಡ್ರಿ! ಬಿಡ್ರಿ ಅದನ್ನ! ವಿಷ ಐತಿ ಅದರಾಗ!” ಎನ್ನುತ್ತ ಅವನು ಸಾಲು ತುಳಿದುಕೊಂಡು ಓಡಿದ. ಹೆಂಗಸರು ಬೆಚ್ಚಿ ನೆಟ್ಟಗಾದರು. “ಚಲ್ರಿ, ಉಡ್ಯಾಗಿಂದು ಚಲ್ರಿ ಮೊದಲ!” ಒಬ್ಬಿಬ್ಬರು ಗಾಬರಿಯಾಗಿ ಸೆರಗು ಜಾಡಿಸಿದರು. ತಾಯವ್ವ ಎಂಬ ಮುದುಕಿಗೆ ಕಿವಿ ಮಂದವೋ, ಅಥವಾ ಇವನ ಮಾತು ನಂಬಿಕೆಯಾಗಲಿಲ್ಲವೋ, ತುಂಬಿದ ಉಡಿಯನ್ನು ಎರಡೂ ಕೈಯಿಂದ ಅವಚಿಕೊಂಡು ನಿಂತೇ ಇದ್ದಳು. ಲಾಡಲೇಸಾಬ ಅವಳ ಉಡಿಗೆ ಕೈ ಹಾಕಿ ಎಳೆದ. ಗಂಟು ಬಿಚ್ಚಿತು, ಎಲೆಯೆಲ್ಲ ಅವಳ ಕಾಲ ಮೇಲೆ ಸುರಿಯಿತು. ಹೆಣ್ಣುಮಕ್ಕಳ ಉಡಿ ತುಂಬಿ ಕಳಿಸುವ ಸೀಮೆಯಲ್ಲಿ ಹುಟ್ಟಿ, ನಡುಹಗಲಲ್ಲಿ, ನಾಲ್ಕು ಮಂದಿಯ ಕಣ್ಣೆದುರು, ಮುದುಕಿಯೊಬ್ಬಳ ಉಡಿ ನೆಲಕ್ಕೆ ಚೆಲ್ಲಿದ್ದೇನೆ ಎಂಬುದು ಅವನಿಗೆ ಹೊಳೆದದ್ದು ಕೈ ಹಿಂದೆ ಬಂದ ಮೇಲೆ. ಯಾರೂ ಬೈಯಲಿಲ್ಲ. ತಾಯವ್ವ ಎಲೆಯನ್ನು ನೋಡಲಿಲ್ಲ, ಅವನನ್ನೂ ನೋಡಲಿಲ್ಲ. ಸೆರಗನ್ನು ಹೊದ್ದುಕೊಂಡು ಊರ ಕಡೆ ನಡೆದಳು. ಉಳಿದವರು ಒಬ್ಬೊಬ್ಬರೇ ಅವಳ ಹಿಂದೆ ಹೋದರು.

ಮುರಿಗೆವ್ವ ಬದುವಿನಿಂದ ಇಳಿದು ಬಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಕಳ್ಳತನ ಹೊರಬಿದ್ದವರ ಪೆಚ್ಚು ಇತ್ತು.

“ಅದರಾಗ ವಿಷ ಇಲ್ರಿ ಸಾಹೇಬ್ರ.”

“ಏನಂದ್ರಿ?”

“ಪುಡಿ ಹಾಕೇ ಇಲ್ರಿ ನಾವು. ಬರೇ ನೀರ ಹೊಡದೇವಿ.”

“ಯಾಕ?” ಎಂದ. “ಯಾಕ ಮುರಿಗೆವ್ವಾ?”

“ತಪ್ಪಲ ಹರ್ಯಾಕ ಮಂದಿ ಬರತಾರಲ್ರಿ. ಬ್ಯಾಡ ಅನ್ನಾಕ ಹ್ಯಾಂಗ ಬಾಯಿ ಬರಬೇಕು? ಔಷಧ ಹೊಡದು ಸುಮ್ನ ಕುಂತ್ರ, ತಿಂದಾವ್ರಿಗಿ ಏನರ ಆದ್ರ?”

“ನನಗರ ಹೇಳಬೇಕಿಲ್ಲೇನು?”

“ನೀವು ಅಷ್ಟ ಅಕ್ಕರತೀಲೆ ವಿಜಾಪುರದಿಂದ ಹೊತಗೊಂಡ ಬಂದಿದ್ರಿ. ಒಲ್ಲೆ ಅಂದ್ರ ನಿಮಗ ಕೆಟ್ಟ ಅನಸ್ತಿತ್ತು. ನೀರ ಹೊಡದ್ರ ನಿಮ್ಮ ಮಾತೂ ಉಳೀತು, ಮಂದೀದೂ ನಡೀತು ಅಂತ...” ಅವಳು ಮನೆಗೆ ಹೋಗಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಪಾಕೀಟುಗಳನ್ನು ತಂದು ಕೊಟ್ಟಳು. ಒಂದನ್ನೂ ಒಡೆದಿರಲಿಲ್ಲ. “ಸರಕಾರದ್ದು, ಚಲ್ಲಾಕ ಮನಸ ಬರಲಿಲ್ರಿ” ಎಂದಳು. ಉಣ್ಣಲು ಕರೆದಳು. ಅವನು ಒಲ್ಲೆನೆಂದು ಬಸ್‌ ಸ್ಟ್ಯಾಂಡಿನ ಕಡೆ ತಿರುಗಿದ. ನೆಲಕ್ಕೆ ಬಿದ್ದ ಎಲೆಗಳನ್ನು ಯಾರೂ ಎತ್ತಿರಲಿಲ್ಲ.

ವಿಜಾಪುರದ ಬಸ್ಸಿನಲ್ಲಿ, ಪಾಕೀಟುಗಳನ್ನು ತೊಡೆಯ ಮೇಲಿಟ್ಟುಕೊಂಡು, ಅವನು ಸಂತೋಷಪಡಲು ಪ್ರಯತ್ನಿಸಿದ. ಕಾರಣ ಸಿಕ್ಕಿತಲ್ಲ! ಔಷಧ ಸೋತೇ ಇಲ್ಲ, ಅದು ಪಾಕೀಟು ಬಿಟ್ಟು ಹೊರಗೇ ಬಂದಿಲ್ಲ. ಟಿಕೋಟಾದ ಮೊಲಗಳಿಗೂ ಕೈತುಂಬ ಬಳೆ ಇದ್ದವು ಎನ್ನುವುದು ಈಗ ಗೊತ್ತಾಯಿತು. ಇನ್ನೊಂದೂ ಗೊತ್ತಾಯಿತು. ತಿನ್ನಲು ಹರಿಯುವವರು ಹಸನಾದ ಎಲೆಯನ್ನೇ ಹರಿಯುತ್ತಾರೆ, ಚುಕ್ಕಿ ಬಿದ್ದದ್ದನ್ನು ಗಿಡದಲ್ಲೇ ಬಿಡುತ್ತಾರೆ. ಇಷ್ಟು ದಿನ ಅವನು ಕೂತು ಕೂತು ಎಣಿಸಿದ್ದು ಅವರು ಬಿಟ್ಟು ಹೋದದ್ದನ್ನು. ಅವನ ಲೆಕ್ಕವೂ ಸುಳ್ಳು. ಸಿಟ್ಟು ಯಾರ ಮೇಲೆ ಮಾಡಬೇಕು? ಸುಳ್ಳು ಹೇಳಿದ್ದಕ್ಕೆ ಅಮರಪ್ಪನ ಮೇಲೆ, ತನ್ನ ಮನಸ್ಸು ನೋಯಬಾರದೆಂದು ಒಂದು ಪೂರಾ ಹಂಗಾಮನ್ನೇ ನೀರು ಮಾಡಿದ ಮುರಿಗೆವ್ವನ ಮೇಲೆ, ಎಲ್ಲ ಗೊತ್ತಿದ್ದೂ ಏನೂ ಗೊತ್ತಿಲ್ಲದವನಂತೆ ನೀರಿನ ಬಾಟಲಿ ಹಿಡಿದು ಓಡಾಡಿದ ತನ್ನ ಮೇಲೆ. ಸಿಟ್ಟು ಮೂವರ ನಡುವೆ ಸುತ್ತಿ ಸುತ್ತಿ ಕೊನೆಗೆ ಮುದುಕಿಯ ಕಾಲ ಮೇಲೆ ಸುರಿದ ಎಲೆಯ ಹತ್ತಿರ ಬಂದು ನಿಲ್ಲುತ್ತಿತ್ತು. ವಿಷವಿಲ್ಲದ ಎಲೆ. ಬರೀ ನೀರು ಬಿದ್ದ, ತಿಂದರೆ ಏನೂ ಆಗದ ಎಲೆ. ನನಗೇನು ಗೊತ್ತಿತ್ತು, ನಾನು ಒಳ್ಳೆಯದಕ್ಕೇ ಮಾಡಿದೆ ಎಂದುಕೊಂಡ. ಹಾಗೆಂದುಕೊಂಡು ಪಾಕೀಟುಗಳನ್ನು ಇನ್ನೂ ಗಟ್ಟಿಯಾಗಿ ಹಿಡಿದ.

ಸಾಹೇಬರು ಆಫೀಸಿನಲ್ಲೇ ಇದ್ದರು. ಒಡೆಯದ ಪಾಕೀಟುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಅವನು ಹೇಳುತ್ತ ಹೋದಂತೆ ಅವರ ಮುಖ ಅರಳಿತು. “ಅಂದ್ರೆ ಔಷಧ ಫೇಲ್ ಆಗಿಲ್ಲ! ನಾನು ಹೇಳಲಿಲ್ವಾ?” ಎಂದರು. ಅವರು ಹಾಗೆ ಹೇಳಿದ್ದು ಅವನಿಗೆ ನೆನಪಾಗಲಿಲ್ಲ. “ಹಸಿ ಎಲೆ ತಿಂತಾರಾ? ದನ ಮೇದ ಹಾಗೆ?” ಎಂದು ನಕ್ಕರು. ಲಾಡಲೇಸಾಬನೂ ನಕ್ಕ. ನಗಬಾರದಿತ್ತು ಎಂದು ಅನ್ನಿಸುವಷ್ಟರಲ್ಲಿ ನಕ್ಕಾಗಿತ್ತು. ಇಬ್ಬರ ಹೆಸರೂ ಹಾಕಿ ಬರೀರಿ, ಮುಂದಿನ ವರ್ಷ ಅವರಿಗೆ ಬೀಜವೂ ಇಲ್ಲ, ಪಂಪೂ ಇಲ್ಲ, ಸುಳ್ಳು ಹೇಳಿದ್ದಕ್ಕೆ ಗೊತ್ತಾಗಲಿ ಎಂದರು. ಬಾಗಿಲ ತನಕ ಹೋದವನನ್ನು ಮತ್ತೆ ಕರೆದು, “ನಿಮ್ಮ ಕೆಲಸದ ವಿಷಯ ನಾನು ನೋಡ್ಕೋತೀನಿ. ನಮ್ಮ ಹೊಲ ಇದೆಯಲ್ಲ, ಅದೊಂದೇ ಸಾಕು. ಶಿಸ್ತಿನಿಂದ ಹೊಡೆದರೆ ಎಲೆ ಹೇಗಿರುತ್ತೆ ಅಂತ ಎಲ್ಲರೂ ಬಂದು ನೋಡಲಿ” ಎಂದರು. ಜವಾನ ಚಹಾ ತಂದ. ಈ ಸಲ ಕಪ್ಪು ತುಂಬಿತ್ತು.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ತಾಯಿ ಪೀರಾಂಬಿ ಹೊಸ್ತಿಲ ಮೇಲೆ ಕೂತು ಮಡಿಲಲ್ಲಿ ಏನೋ ಹಸನು ಮಾಡುತ್ತಿದ್ದಳು. ಒಳಗೆ ಹೆಂಡತಿ ನಜಮಾ ರೊಟ್ಟಿ ಬಡಿಯುತ್ತಿದ್ದಳು. ಕೆಲಸ ಖಾಯಂ ಆಗುತ್ತದಂತೆ ಎಂದು ಹೇಳಬೇಕೆಂದುಕೊಂಡ, ಉಂಡು ಹೇಳಿದರಾಯಿತೆಂದು ಕೈತೊಳೆದು ಕೂತ. ಮಜ್ಜಿಗೆ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ನಜಮಾ ಬಿಸಿ ರೊಟ್ಟಿ ಹಾಕಿ, ಮಗ್ಗುಲಿಗೆ ಗುರೆಳ್ಳ ಹಿಂಡಿ ಇಟ್ಟು, ಮೇಲೆ ಒಂದು ಹಿಡಿ ತಪ್ಪಲ ಹಾಕಿದಳು. ಮಡಿಚಿ ಬಾಯಿಗಿಟ್ಟುಕೊಂಡ. ಎರಡನೆಯ ತುತ್ತಿಗೆ ಕೈ ಹಾಕುವಾಗ, ದಿನವೂ ಎಲೆ ನೋಡಿ ನೋಡಿ ಚಟವಾದ ಕಣ್ಣು ತನ್ನಷ್ಟಕ್ಕೆ ತಾನೇ ಗಂಗಾಳದ ಮೇಲೆ ಹೋಯಿತು. ಒಂದು ಎಲೆ ಎತ್ತಿ ಬೆಳಕಿಗೆ ಹಿಡಿದ. ಇನ್ನೊಂದು ಎತ್ತಿದ. ಒಂದರ ಮೇಲೂ ಒಂದು ಚುಕ್ಕಿ ಇರಲಿಲ್ಲ. ಎಷ್ಟು ಆರಿಸಿ ಹರಿದರೂ ಒಂದು ಹಿಡಿಯಲ್ಲಿ ಒಂದೆರಡಾದರೂ ಇರಬೇಕಿತ್ತು. ಈ ವರ್ಷ, ಆ ಮಳೆ ಆದ ಮೇಲೆ, ಈ ಸೀಮೆಯಲ್ಲಿ ಚುಕ್ಕಿಯಿಲ್ಲದ ಕುಸುಬೆ ಅವನಿಗೆ ಗೊತ್ತಿದ್ದ ಮಟ್ಟಿಗೆ ಒಂದೇ ಹೊಲದಲ್ಲಿತ್ತು.

“ಅಮ್ಮಾ, ಈ ತಪ್ಪಲ ಎಲ್ಲೀದು?”

“ನಿಮ್ಮ ಆಫೀಸಿನ ಹೊಲದ್ದೋ. ನೀಲಾಬಾಯಿ ಅಲ್ಲಿ ಕಳೇವು ತಗ್ಯಾಕ ಹೋಗತಾಳಲ್ಲ, ಬರೂವಾಗ ಕೊಟ್ಟ ಹೋಗತಾಳ. ಎಷ್ಟ ಚಲೋ ಎಲಿ ನೋಡು.”

“ಯಾವಾಗಿಂದ?”

“ದೀಪಾವಳಿ ಆದಾಗಿಂದ ದಿನಾ ಕೊಡತಾಳ. ನೀನೂ ತಿನ್ನಾಕತ್ತೀ ಅಲ್ಲ?”

ತಿನ್ನುತ್ತಿದ್ದ. ಔಷಧ ಯಾಕೆ ಹತ್ತುತ್ತಿಲ್ಲ ಎಂದು ಯೋಚಿಸುತ್ತ, ಗಂಗಾಳದ ಕಡೆ ನೋಡದೆ, ಹೂಂ ಎನ್ನುತ್ತ, ದಿನವೂ ತಿನ್ನುತ್ತಿದ್ದ. ಅವನು ರೊಟ್ಟಿ ಕೆಳಗಿಟ್ಟ. “ಒಗಿ ಅ‍ಮ್ಮಾ. ಅದನ್ನ ಒಗದುಬಿಡು” ಎಂದ.

ಪೀರಾಂಬಿಯ ಮುಖ ಸಣ್ಣದಾಯಿತು. “ಕದ್ದ ತಂದಿಲ್ಲಪಾ. ಅಕಿನ ಕರದು ಕೊಟ್ಟಾಳ. ಲಾಡ್ಲ್ಯಾನ ಮನಿಗಿ ಅಂತ, ಚಂದ ಚಂದಾವು ನೋಡಿ ಆರಿಸಿಕೊಂಡ ಬರತಾಳ. ಬ್ಯಾಡ ಅಂದ್ರ ಏನ್ ಅಂದಾಳು?” ಎನ್ನುತ್ತ ಮಡಿಲಲ್ಲಿದ್ದ ಎಲೆಗಳನ್ನು ಎರಡೂ ಕೈಯಿಂದ ಅವಚಿಕೊಂಡಳು.

ಲಾಡಲೇಸಾಬ ಎದ್ದು ಅವಳ ಹತ್ತಿರ ಹೋದ. ಕೈ ಮುಂದೆ ಹೋಯಿತು, ಅರ್ಧಕ್ಕೆ ನಿಂತಿತು. ಬಬಲೇಶ್ವರದಲ್ಲಿ ಬರೀ ನೀರು ಹೊಡೆದ ಎಲೆಯನ್ನು ಮುದುಕಿಯ ಉಡಿಯಿಂದ ಕಿತ್ತು ಚೆಲ್ಲಿದ್ದ. ಆ ಹೊತ್ತಿಗೇ ನೀಲಾಬಾಯಿ ಈ ಎಲೆಯನ್ನು ಪ್ರೀತಿಯಿಂದ ಆರಿಸಿ ತನ್ನ ಮನೆಗೆ ತರುತ್ತಿದ್ದಿರಬೇಕು. ಅವಳಿಗೆ ಬೇಡವೆಂದು ಹೇಳಿದವರಿಲ್ಲ. ಹೇಳಬೇಕಾದವನು ತಾನೊಬ್ಬನೇ ಇದ್ದ.

“ಅದರಾಗ ಔಷಧ ಐತಿ ಅಮ್ಮಾ. ವಿಷದ್ದು.”

“ಯಾರ ಹಾಕ್ಯಾರ?”

“ನಾನ ಹಾಕೇನಿ.”

ಪೀರಾಂಬಿ ಗೋಡೆ ಹಿಡಿದು ಎದ್ದು, ಅಂಗಳದ ಮೂಲೆಗೆ ಹೋಗಿ, ತನ್ನ ಮಡಿಲನ್ನು ತಾನೇ ಜಾಡಿಸಿ ಚೆಲ್ಲಿದಳು. ಚರಿಗೆ ತೆಗೆದುಕೊಂಡು ಬಾಯಿ ಮುಕ್ಕಳಿಸಿದಳು, ಮತ್ತೆ ಮುಕ್ಕಳಿಸಿದಳು. ಒಳಗೆ ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂತು. ನಜಮಾ ಅದನ್ನು ತೆಗೆಯದೆ ಬಾಗಿಲಿಗೆ ಬಂದು ನಿಂತಿದ್ದಳು.

“ಇಷ್ಟ ದಿನ ತಿಂದದ್ದಕ್ಕ ಏನ್ ಮಾಡೂದ್ರಿ?” ಎಂದಳು.

ಒಂದು ಪಂಪಿಗೆ ಎಷ್ಟು ಪುಡಿ, ಯಾವ ಹೊತ್ತಿನಲ್ಲಿ ಹೊಡೆಯಬೇಕು, ಗಾಳಿ ಯಾವ ಕಡೆಯಿಂದ ಇದ್ದರೆ ಯಾವ ಕಡೆ ನಿಲ್ಲಬೇಕು, ಎಲ್ಲ ಅವನಿಗೆ ಬಾಯಿಪಾಠವಿತ್ತು. ತಿಂದದ್ದಕ್ಕೆ ಏನು ಮಾಡಬೇಕೆಂದು ಮಾತ್ರ ಆಫೀಸಿನಲ್ಲಿ ಯಾರೂ ಕೇಳಿರಲಿಲ್ಲ. ಅವನೂ ಯಾರನ್ನೂ ಕೇಳಿರಲಿಲ್ಲ. ನಜಮಾ ಇನ್ನೂ ಬಾಗಿಲಲ್ಲೇ ನಿಂತಿದ್ದಳು.

“ಗೊತ್ತಿಲ್ಲ” ಎಂದ.